ನಿಮ್ಮ ಕೋಣೆಯಲ್ಲಿ ನಿದ್ದೆ ಹೋದ ನನ್ನ ತಂಗಿ

ಸೂಜಿ ಡಾಕ್ಟರಮ್ಮನವರೇ,

ನಿಮಗೆ ಬೇರೆ ಹೆಸರಿದೆ, ಬಾಗಿಲ ಫಲಕದ ಮೇಲೆ ಓದಿದ್ದೇನೆ. ಆದರೆ ನಮ್ಮ ಮನೆಯಲ್ಲಿ ನಿಮ್ಮನ್ನು ಕರೆಯುವುದು ಹೀಗೆಯೇ. ಕೋಪ ಬಂದ ದಿನ ‘ಡಾಕ್ಟರಮ್ಮ’ ಎನ್ನುವುದನ್ನು ನುಂಗಿ ಬರೀ ‘ಆ ಸೂಜಿ’ ಎಂದದ್ದೂ ಉಂಟು. ಧನ್ಯವಾದವನ್ನು ನನ್ನ ತಂಗಿ ಹೇಳಿಯೇ ಹೇಳಿರುತ್ತಾಳೆ, ನಿಮ್ಮೆದುರು ಅವಳಿಗೆ ಮಾತು ಸಲೀಸು. ನಾನು ಬರೆಯುತ್ತಿರುವುದು ನನ್ನ ಹೊಟ್ಟೆಕಿಚ್ಚಿನ ವಿಷಯ.

ಅಮ್ಮ ಹೋದಾಗ ಅವಳಿನ್ನೂ ಶಾಲೆಗೆ ಹೋಗುವ ಹುಡುಗಿ. ತಲೆ ಬಾಚಿದವಳು ನಾನು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಇಟ್ಟವಳು ನಾನು, ಗುಬ್ಬಿ ಎಂದು ಹೆಸರಿಟ್ಟವಳೂ ನಾನೇ. ದೊಡ್ಡವರಾದ ಮೇಲೆ ಇಬ್ಬರೂ ಸೇರಿ ಬೇಕರಿ ತೆರೆದೆವು. ಹಿಟ್ಟು, ಒಲೆ, ಗಿರಾಕಿಗಳ ತಕರಾರು ನನ್ನ ಪಾಲು. ಕೇಕಿನ ಮೇಲೆ ಹೂ ಬಿಡಿಸುವುದು, ಹೆಸರು ಬರೆಯುವುದು ಅವಳ ಪಾಲು. ನಾನು ಬರೆದರೆ ಕಾಗೆ ಕಾಲು ಗುಬ್ಬಿ ಕಾಲು. ಅವಳು ಬರೆದರೆ ಚಾಕು ಹಾಕಲು ಮನಸ್ಸಾಗದಂಥ ಅಕ್ಷರ.

ಅವಳ ಎದೆಯಲ್ಲಿ ಗಂಟು ಕಂಡು, ಆಪರೇಷನ್ ಆಗಿ, ಕೀಮೋ ಶುರುವಾಯಿತು. ಎರಡನೆಯ ಸಲದ ನಂತರ ಅವಳಿಗೆ ಬೆಣ್ಣೆಯ ವಾಸನೆ ಆಗದಾಯಿತು. ಬೇಕರಿಯವಳ ಮೈಯಲ್ಲಿ ಮತ್ತೇನಿರುತ್ತದೆ ಹೇಳಿ. ಸೋಪು ಹಚ್ಚಿ ಉಜ್ಜಿ ಉಜ್ಜಿ ಸ್ನಾನ ಮಾಡಿ ಬಂದರೂ ಅವಳ ಮಂಚದ ಹತ್ತಿರ ಹೋದ ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. “ಅಕ್ಕಾ, ಬೇಜಾರ್ ಮಾಡ್ಕೋಬೇಡ, ಸ್ವಲ್ಪ ಆ ಕಡೆ ಕೂತ್ಕೋ” ಎಂದಳು. ಸಾಕಿದ ಕೈಯನ್ನೇ ದೂರ ಇಡಬೇಕಾದಾಗ ಹೇಗಿರುತ್ತದೆಂದು ನಿಮಗೆ ಗೊತ್ತಿರಲಿಕ್ಕಿಲ್ಲ.

ನಿಮ್ಮ ಸುದ್ದಿ ತಂದದ್ದು ಆಸ್ಪತ್ರೆಯ ನರ್ಸ್. ವಾಂತಿಗೆ ಕೊಡುವ ಮಾತ್ರೆಗಳ ಜೊತೆ ಕೆಲವರಿಗೆ ಅಕ್ಯುಪಂಕ್ಚರ್‌ನಿಂದಲೂ ಅನುಕೂಲ ಆಗುತ್ತದೆ ಎಂದಳು. ನಾನು ನೇರ ಕ್ಯಾನ್ಸರ್ ಡಾಕ್ಟರ ಬಳಿ ಹೋದೆ, ಅವರು ಬೇಡ ಎನ್ನಲಿ ಎಂಬ ಆಸೆಯಿಂದಲೇ. ಅವರು ಕನ್ನಡಕ ತೆಗೆದು ಒರೆಸುತ್ತ, “ಅದ್ರಿಂದ ಗಡ್ಡೆ ಕರಗತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ವಾಂತಿ, ಸುಸ್ತು ಸ್ವಲ್ಪ ಹಗುರ ಆದ್ರೂ ಆಗ್ಬಹುದು. ರಕ್ತದ ರಿಪೋರ್ಟ್ ತೋರಿಸಿ ಮಾಡಿಸ್ಕೊಳ್ಳಲಿ” ಎಂದುಬಿಟ್ಟರು.

ಕನ್ನಡಕದಂಗಡಿಯ ಮೇಲಿನ ನಿಮ್ಮ ಕೋಣೆಗೆ ಮೊದಲ ದಿನ ಬಂದಾಗ ನಾನು ತಪ್ಪು ಹುಡುಕಲೆಂದೇ ಬಂದಿದ್ದೆ. ಸಿಗಲಿಲ್ಲ. ನೀವು ರಿಪೋರ್ಟ್ ಓದಿದಿರಿ, ಆಪರೇಷನ್ ಆದ ಕಡೆಯ ತೋಳನ್ನು ಮುಟ್ಟುವುದಿಲ್ಲ ಎಂದಿರಿ, ಹೊಸ ಸೂಜಿಗಳ ಪೊಟ್ಟಣವನ್ನು ಅವಳೆದುರೇ ಒಡೆದಿರಿ. ಕೂದಲಿನಂಥ ಸೂಜಿ. ಇದ್ಯಾಕೆ, ಅದ್ಯಾಕೆ, ನೋಯುತ್ತಾ, ರಕ್ತ ಬಂದರೆ ಏನು ಗತಿ ಎಂದು ನಾನು ಕೇಳುತ್ತಲೇ ಇದ್ದೆ. ಕೊನೆಗೆ ನೀವು, “ನೀವು ಹೊರಗಡೆ ಕೂತಿದ್ರೆ ಇವರಿಗೆ ಆರಾಮಾಗತ್ತೆ” ಎಂದಿರಿ. ತಂಗಿ ನನ್ನ ಪರವಾಗಿ ಒಂದು ಮಾತಾದರೂ ಆಡುತ್ತಾಳೇನೋ ಎಂದು ನೋಡಿದೆ. ಅವಳು ಛಾವಣಿ ನೋಡುತ್ತ ಮಲಗಿದ್ದಳು.

ಬೆಂಚಿನ ಮೇಲೆ ಕೂತ ನನಗೆ ಮೊದಲು ಕೇಳಿಸಿದ್ದು ಅವಳ ನಗು. ಆಪರೇಷನ್ ಆದಮೇಲೆ ನಾನು ಕೇಳಿರದ ನಗು. ನನ್ನ ಹಳೇ ಜೋಕುಗಳನ್ನೆಲ್ಲ ಅವಳ ಮುಂದೆ ಸುರಿದು ಸುಸ್ತಾಗಿದ್ದೆ. ನೀವು ಅದೇನು ಹೇಳಿದಿರೋ. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಮನೆಯಲ್ಲಿ ಕಣ್ಣಿಗೆ ಕಣ್ಣು ಹತ್ತದೆ ಹೊರಳಾಡುತ್ತಿದ್ದವಳು ಪರರ ಮನೆ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದಳು. ಸಂತೋಷಪಡಬೇಕಿತ್ತು. ನಾನು ಬಾಗಿಲ ಕಡೆಗೆ ಬೆನ್ನು ಹಾಕಿ ಕೂತೆ.

ವಾಂತಿ ಪೂರ್ತಿ ನಿಲ್ಲಲಿಲ್ಲ. ಆದರೆ ನಿಮ್ಮಲ್ಲಿಗೆ ಬಂದುಹೋದ ದಿನ ಎರಡು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದಳು. ಮಾತ್ರೆಯ ಗುಣ ಎಂದು ನಾನು, ಸೂಜಿಯ ಗುಣ ಎಂದು ಅವಳು. ಒಂದು ದಿನ ಮೆಟ್ಟಿಲ ತುದಿಯಲ್ಲಿ ನಿಂತು ನೀವು, “ಹುಷಾರಾಗಿ ಇಳೀರಿ ಗುಬ್ಬಿ” ಎಂದಿರಿ. ಆ ಹೆಸರನ್ನು ಅವಳ ಗಂಡನಾಗಿದ್ದವನಿಗೂ ಕರೆಯಲು ಬಿಟ್ಟಿರಲಿಲ್ಲ ನಾನು. ದಾರಿಯುದ್ದಕ್ಕೂ ಕಾರಿನ ಗೇರನ್ನು ಕಿತ್ತುಹಾಕುವ ಹಾಗೆ ಎಳೆಯುತ್ತಿದ್ದೆ.

ಇಷ್ಟಾದರೂ ಸಹಿಸಿಕೊಂಡಿದ್ದೆ. ಆದರೆ ಆಮೇಲೆ ಒಂದು ಬೆಳಿಗ್ಗೆ ಅವಳು, ಇನ್ನು ಕೀಮೋ ಬೇಡ ಎಂದಳು. ಬೆರಳ ತುದಿಗಳು ಜೋಮು ಹಿಡಿದು ಕ್ರೀಮ್ ತುಂಬಿದ ಕೋನ್ ಹಿಡಿಯಲಾಗುತ್ತಿಲ್ಲವಂತೆ. ಅಕ್ಷರ ಬರೆಯಲಾಗದ ಕೈ ಉಳಿಸಿಕೊಂಡು ಏನು ಮಾಡಲಿ ಎಂದಳು. ಯಾವಾಗಿನಿಂದ ಹೀಗೆ ಎಂದು ಕೇಳಿದರೆ, “ತುಂಬಾ ದಿನ ಆಯ್ತು. ಅವರಿಗೆ ಹೇಳಿದ್ದೆ” ಎಂದಳು. ಅವರಿಗೆ ಎಂದರೆ ನಿಮಗೆ.

ಅಂದು ನಾನು ಹಿಟ್ಟಿನ ಕೈಯಲ್ಲೇ ನಿಮ್ಮ ಮೆಟ್ಟಿಲು ಹತ್ತಿ ಬಂದದ್ದು ನಿಮಗೆ ನೆನಪಿರಬೇಕು. “ಔಷಧಿ ಬಿಡು, ಸೂಜಿ ಸಾಕು ಅಂತ ನೀವೇ ಕಿವಿ ಊದಿದ್ದಾ?” ಎಂದು ಕೇಳಿದೆ. ಕಾಯುತ್ತಿದ್ದ ಮುದುಕರೊಬ್ಬರು ಎದ್ದು ಹೊರಗೆ ಹೋದರು. ನೀವು ದನಿ ಏರಿಸಲಿಲ್ಲ. “ಕೀಮೋ ಬಿಟ್ರೆ ನಾನೂ ಸೂಜಿ ಹಾಕಲ್ಲ ಅಂತ ನಿನ್ನೆಯೇ ಹೇಳಿದೀನಿ. ಬೆರಳಿನ ವಿಷಯ ಡಾಕ್ಟರಿಗೆ ಹೇಳ್ದೆ ಮುಚ್ಚಿಟ್ಟಿದಾರೆ. ಹೇಳಿದ್ರೆ ಡೋಸ್ ಕಮ್ಮಿ ಮಾಡಬಹುದು. ನಾಳೆ ನೀವೇ ಕರ್ಕೊಂಡು ಹೋಗಿ” ಎಂದಿರಿ.

ನನ್ನ ಕೋಪಕ್ಕೆ ಕಾಲಿಲ್ಲದಂತಾಯಿತು. ಆದರೂ ಕೇಳಿಬಿಟ್ಟೆ: ನನಗೆ ಹೇಳದ್ದನ್ನು ನಿಮಗೇಕೆ ಹೇಳಿದಳು?

“ನಾನು ಅವರಿಗೆ ಯಾರೂ ಅಲ್ವಲ್ಲ. ಅದಕ್ಕೇ” ಎಂದಿರಿ.

ಆ ಮಾತು ನನಗೆ ಸಮಾಧಾನ ತಂದಿತೆಂದು ತಿಳಿಯಬೇಡಿ. ಇಷ್ಟು ವರ್ಷ ಎಲ್ಲವೂ ಆಗಿ ನಿಂತವಳ ಬಳಿ ಹೇಳಿಕೊಳ್ಳಲಾಗದ್ದು, ಯಾರೂ ಅಲ್ಲದವರ ಬಳಿ ಹೇಳಿಕೊಳ್ಳಲಾಯಿತಲ್ಲ. ಯಾರೂ ಅಲ್ಲದಿರುವುದನ್ನು ನಾನು ಎಲ್ಲಿ ಹೋಗಿ ಕಲಿಯಲಿ? ಮೆಟ್ಟಿಲಿಳಿಯುವಾಗ ಅಳು ಬಂತು. ನಿಮಗೆ ಕೇಳಿಸದಿರಲೆಂದು ಕನ್ನಡಕದಂಗಡಿಗೆ ನುಗ್ಗಿ, ಬೇಡದ ಫ್ರೇಮುಗಳನ್ನೆಲ್ಲ ಮೂಗಿಗೇರಿಸಿಕೊಂಡು ನಿಂತಿದ್ದೆ.

ಮರುದಿನ ಡಾಕ್ಟರ ಬಳಿ ಕರೆದೊಯ್ದೆ. ಅವರು ಬೈದರು, ಡೋಸ್ ಇಳಿಸಿದರು. ನೀವು ವಾರವಾರ ಅವಳ ಪಾದಕ್ಕೂ ಆಪರೇಷನ್ ಆಗದ ಕಡೆಯ ಕೈಬೆರಳ ಬುಡಕ್ಕೂ ಸೂಜಿ ಹಾಕಿದಿರಿ. ಒಮ್ಮೆ ರಕ್ತಕಣಗಳ ಎಣಿಕೆ ಕುಸಿದಾಗ ಇವತ್ತು ಹಾಕುವುದಿಲ್ಲ ಎಂದು ಹಟ ಹಿಡಿದು ವಾಪಸು ಕಳಿಸಿದಿರಿ. ಅವಳು ಮುನಿಸಿಕೊಂಡಳು. ನಿಮ್ಮ ಮೇಲೂ ಮುನಿಸಿಕೊಳ್ಳುತ್ತಾಳೆಂದು ಆ ದಿನ ನನಗೆ ಒಳಗೊಳಗೇ ಹಬ್ಬ. ಅಂತೂ ಕೀಮೋ ಮುಗಿಸಿದಳು. ಬೆರಳ ಜೋಮು ಅರ್ಧ ಬಿಟ್ಟಿದೆ, ಅರ್ಧ ಇನ್ನೂ ಇದೆ.

ಮೊನ್ನೆ ಸ್ಕ್ಯಾನಿನ ಫಲ ಕೇಳುವ ದಿನ. ಒಬ್ಬಳೇ ಹೋಗುತ್ತೇನೆ ಎಂದಳು. ನಾನು ಆಸ್ಪತ್ರೆಯೆದುರು ಕಾರಿನಲ್ಲಿ ಕೂತಿದ್ದೆ. ಅವಳು ಗಾಜಿನ ಬಾಗಿಲ ಆಚೆ ಬಂದು ನಿಂತಳು. ಮುಖ ಕಾಣುತ್ತಿರಲಿಲ್ಲ. ಫೋನ್ ಕಿವಿಗೆ ಹಚ್ಚಿದಳು. ನನ್ನ ಫೋನ್ ನನ್ನ ಮಡಿಲಲ್ಲೇ ಇತ್ತು, ಅದು ಸುಮ್ಮನಿತ್ತು. ಯಾರಿಗೆ ಮಾಡುತ್ತಿದ್ದಾಳೆಂದು ಕೇಳಬೇಕೇ? ಬದುಕು ಸಾವಿನ ಸುದ್ದಿಯನ್ನೂ ನಾನು ನಿಮ್ಮ ಎಂಜಲಾಗಿ ಕೇಳಬೇಕಲ್ಲ ಎನ್ನಿಸಿತು. ಅವಳು ಕಾದಳು, ಮತ್ತೆ ಒತ್ತಿದಳು, ಮತ್ತೆ ಕಾದಳು. ಆಮೇಲೆ ಫೋನನ್ನು ಜೇಬಿಗೆ ಹಾಕಿ ಕಾರಿನ ಕಡೆ ನಡೆದು ಬಂದಳು. ಬಾಗಿಲು ತೆಗೆದು ಪಕ್ಕದಲ್ಲಿ ಕೂತು ನನ್ನ ತೋಳು ಹಿಡಿದುಕೊಂಡಳು. “ಅಕ್ಕಾ, ಈಗ ಏನೂ ಕಾಣ್ತಿಲ್ವಂತೆ. ತಿಂಗಳುಗಟ್ಟಲೆ ನೋಡ್ತಾ ಇರ್ಬೇಕಂತೆ, ಆದ್ರೆ ಈಗ ಏನೂ ಇಲ್ವಂತೆ” ಎಂದಳು. ಇಬ್ಬರೂ ಅತ್ತೆವು. ಹಿಂದಿನ ಕಾರಿನವರು ಹಾರ್ನ್ ಹೊಡೆಯುವವರೆಗೂ ಅತ್ತೆವು.

ಆ ಮಾತು ಮೊದಲು ನನ್ನ ಕಿವಿಗೆ ಬಿತ್ತು, ಡಾಕ್ಟರಮ್ಮ. ಈ ಲೋಕದಲ್ಲಿ ಎಲ್ಲರಿಗಿಂತ ಮೊದಲು.

ಆಗ ನೀವು ಯಾರಿಗೋ ಸೂಜಿ ಹಾಕುತ್ತಿದ್ದಿರೋ, ಅಥವಾ ಪರದೆಯ ಮೇಲೆ ಅವಳ ಹೆಸರು ನೋಡಿ ಬೇಕೆಂದೇ ಎತ್ತಲಿಲ್ಲವೋ, ನನಗೆ ಗೊತ್ತಿಲ್ಲ. ದಯವಿಟ್ಟು ಹೇಳಬೇಡಿ. ಮುಂದಿನ ವಾರ ಅವಳನ್ನು ಕರೆತರುತ್ತೇನೆ, ಬೆಂಚಿನ ಮೇಲೆ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ನಿಮ್ಮ ಕೈಗೆ ನಡುಕ ಬಾರದಿರಲಿ, ನಿಮ್ಮ ಮಂಚದ ಮೇಲೆ ಮಲಗಿದವರಿಗೆಲ್ಲ ನಿದ್ದೆ ಬರಲಿ.

ಇನ್ನೂ ಹೊಟ್ಟೆಕಿಚ್ಚು ಆರದ,
ಗುಬ್ಬಿಯ ಅಕ್ಕ