ನೀರು ಮುಟ್ಟದ ಹನ್ನೆರಡು ಮೀಟರ್ ಹಗ್ಗ

ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಕೀಲಿ ಉತ್ತರ ಬರೆದ ಮಾನ್ಯ ಅಧಿಕಾರಿಗಳೇ,

ತಾವು ಜನ್ಮದಲ್ಲಿ ಒಮ್ಮೆಯಾದರೂ ಬಾವಿಯಿಂದ ಒಂದು ಕೊಡ ನೀರು ಸೇದಿದ್ದೀರಾ? ಸೇದಿದ್ದರೆ ಈ ವರ್ಷದ ಗಣಿತ ಪತ್ರಿಕೆಯ ಒಂಬತ್ತನೇ ಪ್ರಶ್ನೆಗೆ ಆ ಉತ್ತರ ಬರೆಯುತ್ತಿರಲಿಲ್ಲ, ಐದನೇ ಇಯತ್ತೆಯ ಒಬ್ಬ ಹುಡುಗಿ ಸೀಟು ಕಳೆದುಕೊಳ್ಳುತ್ತಿರಲಿಲ್ಲ, ನಾನು ಹೀಗೆ ದಿನಪತ್ರಿಕೆಯಲ್ಲಿ ನಿಮ್ಮೊಡನೆ ಜಗಳಕ್ಕೆ ನಿಲ್ಲುತ್ತಲೂ ಇರಲಿಲ್ಲ. ನಿಮ್ಮ ಪ್ರಶ್ನೆ ನಿಮಗೆ ಮರೆತಿರಬಹುದು, ಆದ್ದರಿಂದ ಇಲ್ಲಿ ಕೊಡುತ್ತೇನೆ: ‘ಒಂದು ಬಾವಿಯಲ್ಲಿ ನೀರು 12.4 ಮೀಟರ್ ಆಳದಲ್ಲಿದೆ. ನೀರು ಸೇದಲು ಅಂದಾಜು ಎಷ್ಟು ಮೀಟರ್ ಹಗ್ಗ ಬೇಕು? ಪೂರ್ಣ ಸಂಖ್ಯೆಯಲ್ಲಿ ಬರೆಯಿರಿ.’ ನಿಮ್ಮ ಕೀಲಿ ಉತ್ತರ ಹನ್ನೆರಡು. ಉಳಿದ ಎಲ್ಲ ಉತ್ತರಗಳಿಗೂ ಸೊನ್ನೆ.

ಹನ್ನೆರಡು ಹೇಗೆ ಬಂತೆಂದು ನನಗೆ ಗೊತ್ತು. ಬಿಂದುವಿನ ಮುಂದಿನ ಅಂಕಿ ಐದಕ್ಕಿಂತ ಕಡಿಮೆಯಿದ್ದರೆ ಬಿಡು, ಐದು ಅಥವಾ ಹೆಚ್ಚಿದ್ದರೆ ಒಂದು ಕೂಡಿಸು. ಇದನ್ನು ನಾನು ಹದಿನಾಲ್ಕು ವರ್ಷದಿಂದ ಕಲಿಸುತ್ತಿದ್ದೇನೆ. ಒಳ್ಳೆಯ ನಿಯಮ. ಇಲ್ಲಿಂದ ರಾಮದುರ್ಗ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ಬಿಂದುವಿನ ಮುಂದಿನದನ್ನು ಬಿಟ್ಟೇ ಹೇಳುತ್ತೇವೆ, ಯಾರಿಗೂ ತೊಂದರೆಯಿಲ್ಲ. ಆದರೆ ಹಗ್ಗ? ನೀವು ಬಿಟ್ಟ ಆ ಸೊನ್ನೆ ದಶಾಂಶ ನಾಲ್ಕು ಸುಮಾರು ಒಂದು ಮೊಳ. ನಿಮ್ಮ ಕೊಡ ನೀರಿಗಿಂತ ಒಂದು ಮೊಳ ಮೇಲೆಯೇ ತೂಗಾಡುತ್ತದೆ. ಕೊಡಕ್ಕೆ ಕುಣಿಕೆ ಹಾಕಲು, ಮೇಲೆ ಕೈಯಲ್ಲಿ ಹಿಡಿಯಲು ಬೇಕಾದ ಹಗ್ಗವಂತೂ ಲೆಕ್ಕದಲ್ಲೇ ಇಲ್ಲ. ಅಥವಾ ನಿಮ್ಮ ಕಚೇರಿಯ ಬಾವಿಯಲ್ಲಿ ನೀರೇ ಮೇಲೆದ್ದು ಬಂದು ಕೊಡದೊಳಗೆ ಕೂರುತ್ತದೆಯೇ?

ಅಂದಾಜು ಎಂದರೆ ಅಂಕಿಯನ್ನು ಕತ್ತರಿಸುವುದಲ್ಲ, ಆ ಅಂಕಿ ಯಾವ ಕೆಲಸಕ್ಕೆ ಬೇಕೆಂದು ಮೊದಲು ಕೇಳಿಕೊಳ್ಳುವುದು. ಇದನ್ನು ಹಲಗೆಯ ಮೇಲೆ ಬರೆದರೆ ಮಕ್ಕಳಿಗೆ ಹತ್ತುವುದಿಲ್ಲ. ಆದ್ದರಿಂದ ಹೋದ ವರ್ಷ ದಶಾಂಶದ ಪಾಠ ಬಂದಾಗ ನಮ್ಮೂರಿನ ದುರ್ಗಪ್ಪನನ್ನು ಶಾಲೆಗೆ ಕರೆಸಿದೆ. ಸುರೇಬಾನದಿಂದ ನಾಲ್ಕು ಮೈಲಿ ಒಳಗಿರುವ ಸಣ್ಣ ಊರು ನಮ್ಮದು. ದುರ್ಗಪ್ಪ ಪುಂಡಿನಾರಿನ ಹಗ್ಗ ಹೊಸೆಯುವ ಮುದುಕ. ಸುತ್ತಲಿನ ಬಾವಿಗಳ ಹಗ್ಗವೆಲ್ಲ ಅವನದೇ. ಎರಡೂ ಕೈ ಚಾಚಿ ಮಾರುಗಟ್ಟಲೆ ಅಳೆಯುತ್ತಾನೆ. ಬಾವಿ ಎಷ್ಟೇ ಮಾರು ಇರಲಿ, ಅಳತೆ ಮುಗಿದ ಮೇಲೆ ಯಾರೂ ಕೇಳದಿದ್ದರೂ ಇನ್ನೊಂದು ಮಾರು ಸೇರಿಸುತ್ತಾನೆ. ಅವನ ಅಪ್ಪನೂ ಸೇರಿಸುತ್ತಿದ್ದನಂತೆ. ಅರ್ಧ ಕುಣಿಕೆಗೆ, ಅರ್ಧ ಕೈಗೆ. ಅದಕ್ಕೆ ಬೆಲೆ ಹಿಡಿಯುವುದಿಲ್ಲ.

ಶಾಲೆಯ ಬಾವಿಯ ಕಟ್ಟೆಯ ಮೇಲೆ ಮಕ್ಕಳ ಮುಂದೆ ನಿಂತು ಅವನು ಹೇಳಿದ್ದು ಇಷ್ಟು: “ಅಕ್ಕೋರ, ನಿಮ್ಮ ಲೆಕ್ಕಾ ಏನರ ಹೇಳ್ಲಿ, ಹಗ್ಗ ಗಿಡ್ಡ ಆದ್ರ ಕೊಡಾ ನೀರ ಮುಟ್ಟೂದಿಲ್ರಿ. ಉದ್ದ ಆದ್ರ ಏನ್ ಆಕ್ಕೈತಿ? ಕೈಗೆ ಸುತಗೊಂಡ್ರ ಮುಗೀತು.” ಆ ದಿನ ಮಕ್ಕಳು ಕಲಿತಷ್ಟು ಗಣಿತವನ್ನು ನಾನು ಒಂದು ತಿಂಗಳಿಡೀ ಕೂಗಿದರೂ ಕಲಿಸಲಾರೆ.

ಅವರಲ್ಲಿ ಎಲ್ಲರಿಗಿಂತ ಮುಂದೆ ಕೂತವಳು ರೇಣು, ದುರ್ಗಪ್ಪನ ಮೊಮ್ಮಗಳು. ನಮ್ಮ ಶಾಲೆ ಇರುವುದು ಐದನೇ ಇಯತ್ತೆಯವರೆಗೆ ಮಾತ್ರ. ಮುಂದೆ ಕಲಿಯಬೇಕೆಂದರೆ ಸುರೇಬಾನಕ್ಕೆ ಹೋಗಿಬರಲು ದಿನಾ ಎಂಟು ಮೈಲಿ ನಡೆಯಬೇಕು, ಇಲ್ಲವೇ ನಿಮ್ಮ ವಸತಿ ಶಾಲೆ ಸಿಗಬೇಕು. ಪರೀಕ್ಷೆಗೆ ಅರ್ಜಿ ತುಂಬಿಸಲು ಹೋದಾಗ ಅವಳ ತಾಯಿ ರಾಯವ್ವ ಮುಚ್ಚುಮರೆ ಮಾಡಲಿಲ್ಲ. “ಅಕ್ಕೋರ, ಹಾಸ್ಟೆಲ್ ಸಿಕ್ರ ಕಲೀಲಿ. ಸಿಗಲಿಲ್ಲಂದ್ರ ನನ್ನ ಜೋಡಿ ಹೊಲದಾಗ ಕಳೆ ತಗ್ಯಾಕ ಬರ್ತಾಳ. ಹರೇಕ ಬರೂ ಹುಡುಗೀನ ಅಷ್ಟ ದೂರ ಒಬ್ಬಾಕಿನ ನಡಸೂದಿಲ್ಲ ನಾ.” ಹೀಗಾಗಿ ನಿಮ್ಮ ನೂರು ಅಂಕಗಳ ಪತ್ರಿಕೆ ಆ ಹುಡುಗಿಗೆ ಬರೀ ಪರೀಕ್ಷೆಯಾಗಿರಲಿಲ್ಲ.

ಫಲಿತಾಂಶ ಬಂತು. ಸೀಟಿಗೆ ಬೇಕಾದದ್ದು ಅರವತ್ತೆಂಟು. ರೇಣುವಿಗೆ ಅರವತ್ತೇಳೂವರೆ.

ಮಾನ್ಯರೇ, ದಯವಿಟ್ಟು ನಿಮ್ಮ ನಿಯಮವನ್ನು ನೀವೇ ಒಮ್ಮೆ ಓದಿಕೊಳ್ಳಿ. ಬಿಂದುವಿನ ಮುಂದೆ ಐದು ಇದ್ದರೆ ಒಂದು ಕೂಡಿಸು ಎಂದವರು ತಾವೇ ಅಲ್ಲವೇ? ನಾನು ನಿಮ್ಮ ಕಚೇರಿಗೆ ಬಂದು ಇದನ್ನೇ ಕೇಳಿದೆ. ತಾವು ಮೀಟಿಂಗಿನಲ್ಲಿದ್ದಿರಿ. ನಿಮ್ಮ ಗುಮಾಸ್ತರು ಕಡತದಿಂದ ತಲೆಯೆತ್ತದೆ ಹೇಳಿದರು: “ಅವೆಲ್ಲಾ ಹುಡುಗೂರ ಪುಸ್ತಕದಾಗ ರೀ. ಇಲ್ಲಿ ಹಂಗ ಬರೂದಿಲ್ಲ. ದಾಖಲಾತಿ ಅಂದ್ರ ಇದ್ದದ್ದು ಇದ್ದಂಗ.” ಹಾಗಾದರೆ ಬಾವಿಗೆ ಮಾತ್ರ ಇದ್ದದ್ದು ಇದ್ದ ಹಾಗೆ ಯಾಕೆ ಬೇಡ? ಮಗುವಿನ ಅರ್ಧ ಅಂಕವನ್ನು ಬಿಡುವಾಗ ದಾಖಲಾತಿ, ಬಾವಿಯ ಒಂದು ಮೊಳವನ್ನು ಬಿಡುವಾಗ ಗಣಿತ! ಎರಡು ಕಡೆಯೂ ಕಳೆದುಕೊಂಡವಳು ಅದೇ ಹುಡುಗಿ ಎಂಬುದು ನಿಮಗೆ ಕಾಣಲಿಲ್ಲವೇ? ಇಷ್ಟನ್ನೂ ಅಲ್ಲೇ ಜೋರಾಗಿ ಹೇಳಿದೆ. ಗುಮಾಸ್ತರು ಚಹಾ ತರಿಸಲೇ ಎಂದು ಕೇಳಿದರು.

ಇಲ್ಲಿಗೇ ಮುಗಿಸಿದ್ದರೆ ನಾನು ಬಹಳ ಒಳ್ಳೆಯವಳಾಗಿ ಕಾಣುತ್ತಿದ್ದೆ. ಆದರೆ ಬಹಿರಂಗವಾಗಿ ಬರೆಯುತ್ತಿದ್ದೇನೆ, ಎಲ್ಲವೂ ಬಹಿರಂಗವಾಗಲಿ. ಈ ಪರೀಕ್ಷೆಯ ಉತ್ತರ ಪತ್ರಿಕೆ ನೋಡಲು ಸವದತ್ತಿಯ ಕೇಂದ್ರಕ್ಕೆ ನನ್ನನ್ನೂ ಹಾಕಿದ್ದಿರಿ. ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ. ನನಗೆ ಬಂದದ್ದು ಅದೇ ಒಂಬತ್ತನೆಯದು. ಕೀಲಿ ಉತ್ತರ ನೋಡಿ ನಾನು ಬೆಚ್ಚಿದ್ದು ನಿಜ. ಪಕ್ಕದಲ್ಲಿದ್ದ ಬಸವಣ್ಣೆಪ್ಪ ಮಾಸ್ತರರಿಗೆ ತೋರಿಸಿದೆ. ಅವರು, “ನಮಗ್ಯಾಕ್ರೀ ಅಕ್ಕೋರ ಉಸಾಬರಿ? ಹನ್ನೆರಡು ಇಲ್ಲಂದ್ರ ಗೀಟು ಹೊಡೀರಿ. ಐದಕ್ಕ ಬಸ್ ಐತಿ,” ಎಂದರು. ನಾನು ಹೊಡೆದೆ. ಹದಿಮೂರು ಎಂದು ಬರೆದದ್ದನ್ನೆಲ್ಲ ಹೊಡೆದೆ. ಸಂಜೆಯ ಹೊತ್ತಿಗೆ ಹೆಬ್ಬೆರಳಿಗೆ ಕೆಂಪು ಶಾಯಿ ಹತ್ತಿತ್ತು. ಐದರ ಬಸ್ಸೂ ಸಿಕ್ಕಿತು.

ಫಲಿತಾಂಶದ ಮರುದಿನ ರೇಣುವನ್ನು ಕೂರಿಸಿಕೊಂಡು ಆ ಪ್ರಶ್ನೆಗೆ ಏನು ಬರೆದಿದ್ದೆ ಎಂದು ಕೇಳಿದೆ. “ಹದಿನಾಲ್ಕ್ರಿ,” ಎಂದಳು. “ಬಾಜೂಕ ಸಣ್ಣಾಗಿ ಬರದಿದ್ನಿರಿ, ಕುಣಿಕಿಗೆ ಮತ್ತ ಕೈಗೆ ಒಂದು ಮೀಟರ್ ಸೇರಿಸೇನಿ ಅಂತ. ಮುತ್ಯಾ ಸೇರಸ್ತಾನಲ್ಲರಿ, ಹಂಗ.”

ಆ ಪತ್ರಿಕೆ ನನಗೆ ನೆನಪಿತ್ತು. ಇಡೀ ದಿನದಲ್ಲಿ ಹದಿನಾಲ್ಕು ಎಂದು ಬರೆದದ್ದು ಅದೊಂದೇ. ಅಂಚಿನಲ್ಲಿದ್ದ ಆ ಸಾಲು ಕಂಡು, ಅಧಿಕಪ್ರಸಂಗ ಎಂದುಕೊಂಡು, ಉಳಿದವಕ್ಕಿಂತ ಸ್ವಲ್ಪ ಜೋರಾಗಿಯೇ ಗೀಟು ಹಾಕಿದ್ದೆ. ಪತ್ರಿಕೆಗಳ ಮೇಲೆ ಹೆಸರಿರುವುದಿಲ್ಲ, ನಂಬರು ಮಾತ್ರ. ಆದರೆ ಮೂರು ವರ್ಷ ತಿದ್ದಿದ ಅಕ್ಷರವನ್ನು ಗುರುತಿಸಲು ಹೆಸರು ಯಾಕೆ ಬೇಕಿತ್ತು? ಗುರುತಿಸುವಷ್ಟು ಹೊತ್ತು ನಾನು ನೋಡಲೇ ಇಲ್ಲ. ನಾನೇ ಬಾವಿಯ ಕಟ್ಟೆಗೆ ಕರೆದುಕೊಂಡು ಹೋಗಿ ಕಲಿಸಿದ್ದನ್ನು ನಾನೇ ಹೊಡೆದುಹಾಕಿದೆ. ನನಗೆ ನಾಚಿಕೆಯಾಗುತ್ತದೆ, ಮಾನ್ಯರೇ. ನಿಮಗೂ ಆಗಲಿ ಎಂದೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ರೇಣು ಅಳಲಿಲ್ಲ. ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಒಂದೇ ಮಾತು ಕೇಳಿದಳು: “ಅಕ್ಕೋರ, ಇನ್ನೊಮ್ಮಿ ಪರೀಕ್ಷಿ ಬಂದ್ರ ಹನ್ನೆರಡ ಬರೀಲೇನ್ರಿ?” ಹೌದು ಎಂದರೆ ಅವಳ ಮುತ್ಯಾನನ್ನು ಸುಳ್ಳುಗಾರನನ್ನಾಗಿ ಮಾಡಬೇಕು. ಬೇಡ ಎಂದರೆ ಅವಳ ಕೈಗೆ ಕುರ್ಚಿಗಿ ಕೊಟ್ಟು ಕಳೆ ಕೀಳಲು ಕಳಿಸಬೇಕು.

ಆದ್ದರಿಂದ ನನ್ನ ಬೇಡಿಕೆ. ಒಂಬತ್ತನೇ ಪ್ರಶ್ನೆಗೆ ಹದಿಮೂರು ಅಥವಾ ಕಾರಣ ಕೊಟ್ಟು ಅದಕ್ಕಿಂತ ಹೆಚ್ಚು ಬರೆದ ಪ್ರತಿಯೊಂದು ಮಗುವಿಗೂ ಆ ಅಂಕ ಕೊಡಿ. ವಸತಿ ಶಾಲೆಯ ಪ್ರವೇಶದ ಬಾಗಿಲು ಮುಚ್ಚಲು ಇನ್ನು ಒಂಬತ್ತು ದಿನಗಳಿವೆ, ಅಷ್ಟರೊಳಗೆ ಕೊಡಿ. ಗೀಟು ಹಾಕಿದ್ದಕ್ಕೆ ಬೇಕಾದರೆ ನನ್ನ ಮೇಲೆ ಕ್ರಮ ಕೈಗೊಳ್ಳಿ, ತಕರಾರಿಲ್ಲ. ಕೊಡಲಾಗದು ಎನ್ನುವಿರಾದರೆ ನಮ್ಮೂರಿಗೆ ಬನ್ನಿ. ನಾನು ಹೇಳಿದ್ದಕ್ಕೆ ದುರ್ಗಪ್ಪ ನಿಮಗಾಗಿ ಹೊಸ ಹಗ್ಗ ಹೊಸೆದಿಟ್ಟಿದ್ದಾನೆ. ಶಾಲೆಯ ಅಳತೆಪಟ್ಟಿ ಹಿಡಿದು ನಾನೇ ನೋಡಿದ್ದೇನೆ, ಸರಿಯಾಗಿ ಹನ್ನೆರಡು ಮೀಟರ್. ಜೀವಮಾನದಲ್ಲಿ ಮೊದಲ ಸಲ ಆ ಮುದುಕ ಕೊನೆಯ ಮಾರು ಸೇರಿಸದೆ ಹಗ್ಗ ಕತ್ತರಿಸಿದ, ಕತ್ತರಿಸುವಾಗ ಮುಖ ಆಚೆ ತಿರುಗಿಸಿಕೊಂಡ. ಬಾವಿಯ ನೀರು ಈಗ ಹನ್ನೆರಡೂವರೆ ಮೀಟರಿಗೆ ಇಳಿದಿದೆ. ಕೊಡ ರೇಣು ತರುತ್ತಾಳೆ. ನೀವು ಸೇದಿ.

ಇಂತಿ,
ನಿಮ್ಮ ಉತ್ತರಕ್ಕೆ ತನ್ನ ಕೆಂಪು ಶಾಯಿ ಖರ್ಚು ಮಾಡಿದ,
ಅನ್ನಪೂರ್ಣಾ
ಸಹ ಶಿಕ್ಷಕಿ, ರಾಮದುರ್ಗ ತಾಲೂಕು
ಜೂನ್ 2003