ಬಯೋಡಾಟಾದಲ್ಲಿ ಎರಡು ಹನಿ ಎಣ್ಣೆ

ಕಾರಟಗಿ,
೮ ಜುಲೈ ೨೦೨೫

ನನ್ನ ರೇಣುಕಾ,

ಇಲ್ಲಿಂದ ನಿನ್ನ ಖುಷ್ಬುವಿನ ಸಲಾಂ. ಫೋನಿನಲ್ಲಾದರೆ ನಡುವೆ ಅಳುತ್ತಾ ಕೂರುತ್ತೀ ಎಂದೇ ಕಾಗದ ಹಿಡಿದಿದ್ದೇನೆ. ನಿನಗಿಂತ ಮೂರು ವರ್ಷ ದೊಡ್ಡವಳೆಂಬ ಹಕ್ಕಿನಿಂದ ಹೇಳುತ್ತೇನೆ, ಪೂರ್ತಿ ಓದು.

ನೀನು ಕಳಿಸಿದ ಬಯೋಡಾಟಾ ನೋಡಿದೆ. ನೀಟ್‌ನಲ್ಲಿ ಅಂಕ ಬಂದರೂ, ಮೆಡಿಕಲ್ ಕಾಲೇಜಿನ ಟ್ರಸ್ಟಿನವರು ಈ ಹಾಳೆ ಮೆಚ್ಚಿ ಫೀಸು ಮಾಫಿ ಮಾಡಿದರೆ ಮಾತ್ರ ನೀನು ಸೇರಲು ಸಾಧ್ಯ. ಅಂಥದ್ದರಲ್ಲಿ ಏನೇನು ತುಂಬಿದ್ದೀಯವ್ವಾ ತಾಯಿ! ಆರನೇ ಕ್ಲಾಸಿನ ರಂಗೋಲಿ ಬಹುಮಾನ. ಆರೋಗ್ಯ ಶಿಬಿರದಲ್ಲಿ ಸ್ವಯಂಸೇವಕಿ. ಆ ಶಿಬಿರದಲ್ಲಿ ನಾವಿಬ್ಬರೂ ಉಪ್ಪಿಟ್ಟು ಬಡಿಸಿ, ಉಳಿದದ್ದನ್ನು ತಿಂದು ಬಂದವರು. ಬಿಪಿ ಯಂತ್ರ ಮುಟ್ಟಲೂ ಬಿಡಲಿಲ್ಲ. ಆ ಸಾಲು ತೆಗೆ.

ಪಿಯುಸಿ ಆದ ಮೇಲಿನ ಮೂರು ವರ್ಷ ಬರೀ ನೀಟ್ ತಯಾರಿ ಎಂದಿದ್ದೀಯ. ಗಿಣಿಗೇರಾದಲ್ಲಿ ನಿಮ್ಮ ಅವ್ವ ಮಾರೆವ್ವತ್ತಿಯ ಜೊತೆ ಮನೆಮನೆಗೆ ಹೋಗಿ ಬಾಣಂತಿಯರಿಗೆ, ಕೂಸುಗಳಿಗೆ ಎಣ್ಣೆನೀರು ಎರೆದದ್ದು ಎಲ್ಲಿ? ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವಾಗ ಒಂದೂ ನಿನ್ನ ಕೈಯಿಂದ ಜಾರಲಿಲ್ಲ. ಯಾಕೆ ಅದನ್ನು ಬರೆಯದೆ ಬಿಟ್ಟೆ ಎಂಬುದು ನಿನ್ನ ಪತ್ರದ ಕೊನೆಯ ಪುಟ ಓದಿದಾಗ ತಿಳಿಯಿತು.

ನಾನು ಬಾಣಂತನಕ್ಕೆ ಗಿಣಿಗೇರಾದ ತವರಿಗೆ ಬಂದಿದ್ದಾಗ, ಹದಿನೈದು ದಿನದ ನನ್ನ ಮಗ ರಫೀಕನ ಮೂಗಿಗೆ ಹರಳೆಣ್ಣೆ ಬಿಟ್ಟವಳು ನಿಮ್ಮ ಅವ್ವ ಅಲ್ಲ, ನೀನು ಎಂದು ಅದರಲ್ಲಿ ಬರೆದಿದ್ದೀಯ. ಎರಡು ಹನಿ. ಮೂಗು ಸಾಫ್ ಆಗಲೆಂದು ನಮ್ಮ ಓಣಿಯಲ್ಲಿ ಎಲ್ಲರೂ ಬಿಡುತ್ತಿದ್ದರು. ಎಣ್ಣೆ ಎದೆಗಿಳಿದು ಕೂಸು ಒಂಬತ್ತು ದಿನ ಕೊಪ್ಪಳದ ಆಸ್ಪತ್ರೆಯಲ್ಲಿತ್ತು. ಯಾರು ಹಾಕಿದರೆಂದು ನಮ್ಮ ಅಮ್ಮಿ ಹಜರತಬೀ ಕೂಗಾಡಿದಾಗ ಮಾರೆವ್ವತ್ತಿ "ನಾನ ಹಾಕೀನ್ರಿ" ಎಂದುಬಿಟ್ಟರು. ಆಮೇಲೆ ಓಣಿಯ ಯಾರೂ ಅವರನ್ನು ಎರೆಯಲು ಕರೆಯಲಿಲ್ಲ.

ಇದನ್ನು ಬರೆಯಲೇ, ನೀನು ಬೇಡವೆಂದರೆ ಬಿಡುತ್ತೇನೆ ಎಂದು ಕೇಳಿದ್ದೀಯ. ಬರೆಯೇ ಹುಚ್ಚಿ! ನಾವೆಲ್ಲ ಥಂಡಿ, ದೃಷ್ಟಿ ಎಂದು ಬಡಬಡಿಸುವಾಗ ಡಾಕ್ಟರ ಮುಂದೆ ನಿಂತು "ಮೂಗಿಗೆ ಎಣ್ಣಿ ಬಿಟ್ಟೀವ್ರಿ" ಎಂದವಳು ನೀನೊಬ್ಬಳೇ. "ಹೇಳಿದ್ದು ಭಾಳ ಛಲೋ ಆತು" ಎಂದರು ಅವರು. ಆಮೇಲೆ ಮನೆಮನೆಗೆ ಹೋಗಿ ಮೂಗಿಗೆ ಎಣ್ಣೆ ಬೇಡವೆಂದು ಹೇಳಿ ಮುದುಕಿಯರಿಂದ ಬೈಸಿಕೊಂಡವಳೂ ನೀನೇ. ಡಾಕ್ಟರಾಗುವವಳಲ್ಲಿ ಅವರು ಇನ್ನೇನು ನೋಡಬೇಕು?

ರಫೀಕ ಈಗ ಇಲ್ಲಿ ಅಕ್ಕಿ ಗಿರಣಿ ಅಂಗಳದ ಭತ್ತದ ರಾಶಿ ಹತ್ತಿ, ಓಣಿಗೆಲ್ಲ ಕೇಳುವಂತೆ ಕಿರುಚುತ್ತಾನೆ. ಅವನ ಎದೆ ಗಟ್ಟಿಯಿದೆ. ನೀನು ಇನ್ನು ಹೆದರಬೇಡ.

ಶನಿವಾರದೊಳಗೆ ಕಳಿಸಿಬಿಡು.

ಇಂತಿ ನಿನ್ನ,
ಖುಷ್ಬು

ತಾ.ಕ.: ಈ ಮಾತು ಎರಡು ವರ್ಷದಿಂದ ನುಂಗಿಕೊಂಡಿದ್ದೆ. ಅವತ್ತು ನೀನು ಬರುವ ಮೊದಲೇ, ಕೂಸಿನ ಮೂಗು ಕಟ್ಟಿದೆಯೆಂದು ನಾನೇ ಎಣ್ಣೆ ಬಿಟ್ಟಿದ್ದೆ, ಅರ್ಧ ಚಮಚ. ಕೂಡಲೇ ಕೆಮ್ಮಿತು. ಮಾರೆವ್ವತ್ತಿಯನ್ನು ಎಲ್ಲರೂ ಬೈಯುವಾಗ ಹೆದರಿ ಬಾಯಿ ಬಿಡಲಿಲ್ಲ. ನಿನ್ನ ಪತ್ರ ಓದಿ, ನಿನ್ನೆ ಅಮ್ಮಿಗೆ ಫೋನಿನಲ್ಲಿ ಎಲ್ಲ ಹೇಳಿಬಿಟ್ಟೆ, ಎದೆ ಹಗುರಾಯಿತು. ಅಮ್ಮಿ ನಿಮ್ಮ ಮನೆಗೆ ಬರುತ್ತಾಳೆ. ದೀಪಾವಳಿ ಹೊತ್ತಿಗೆ ನನಗೆ ಎರಡನೆಯದು. ಎರೆಯಲು ಮಾರೆವ್ವತ್ತಿಯೇ ಬೇಕೆಂದು ಕೇಳಿಕೊಳ್ಳುತ್ತಾಳೆ. ನೀನು ಬಯೋಡಾಟಾದಲ್ಲಿ ಎರಡೇ ಹನಿ ಬರೆ. ಉಳಿದ ಎಣ್ಣೆ ನನ್ನದು.