ಮುಖ ಇಲ್ಲದ ಹೆಸರು

೨-೮-೨೦೨೫, ಶನಿವಾರ

ಹಾಜರಿ ಕೂಗಿ ಗಂಟಲು ಒಣಗಿತು. ಮೊದಲು ಶಾಲೆಯ ಎಸ್‌ಡಿಎಂಸಿ ಸಮಿತಿಯ ಹಾಜರಿ ಪುಸ್ತಕ ಅಧ್ಯಕ್ಷರ ಮನೆಗೇ ಬರುತ್ತಿತ್ತು, ಸಹಿ ಹಾಕಿದರೆ ಮುಗಿಯಿತು. ನಾನು ಅಧ್ಯಕ್ಷೆಯಾದ ಮೇಲೆ ಪಾಲಕರೇ ಪ್ರತಿ ಶನಿವಾರ ಶಾಲೆಗೆ ಹೋಗಿ, ಒಂದೊಂದು ಮುಖ ನೋಡಿ ಟಿಕ್ ಹಾಕುತ್ತೇವೆ. ಇವತ್ತು ಹೊಳಿಯವ್ವನ ಮೊಮ್ಮಗನ ಹೆಸರು ತೆಗೆಸಿದೆ. ಹುಡುಗ ಅಪ್ಪ-ಅವ್ವನ ಜೊತೆ ಬ್ಯಾಡಗಿಗೆ ಹೋಗಿ ವರ್ಷವಾಯಿತು. ಮುದುಕಿ ಕೈ ಹಿಡಿದಳು. "ಹೆಸರರ ಇರ್ಲಿ ಬಿಡ ಯವ್ವಾ." "ಮುಖ ಇಲ್ಲದ ಹೆಸರು ಬ್ಯಾಡಬೇ" ಅಂದೆ. ಕಾರಣದ ಕಾಲಮ್ಮಿನಲ್ಲಿ 'ಊರು ಬಿಟ್ಟಿದ್ದಾನೆ' ಎಂದು ಬರೆದೆ.

ನನ್ನ ಮಗಳದ್ದು ಬೇರೆ ಗತ್ತು. 'ಸುಚಿ' ಎಂದು ಕರೆದರೆ ಉತ್ತರವೇ ಇಲ್ಲ! "ಪೂರ್ತಿ ಹೆಸರು ಕರೀರಿ, ಅಧ್ಯಕ್ಷರ." ಎಲ್ಲರೂ ನಕ್ಕರು. ಸುಚಿತ್ರಾ ಶಂಭುಲಿಂಗ ಹಲಗೇರಿ — "ಹಾಜರ್ರೀ!" ಹಂಚು ಹಾರುವ ಹಾಗೆ ಕೂಗಿದಳು.

೧೨-೮

ಸುಚಿಗೆ ನಾಲ್ಕು ದಿನದಿಂದ ಜ್ವರ. ರಾಣೆಬೆನ್ನೂರಿನಲ್ಲಿ ರಕ್ತ ಪರೀಕ್ಷೆ. ಡೆಂಗಿ ಅಂದರು. ಪ್ಲೇಟ್‌ಲೆಟ್ ಇಳಿಯುತ್ತಿದೆಯಂತೆ...

೧೪-೮, ಹಾವೇರಿ

ಐಸಿಯು. ಐದು ನಿಮಿಷ ಒಳಗೆ ಬಿಟ್ಟರು. "ಶನಿವಾರ ನಾ ಬರ್ಲಿಲ್ಲಂದ್ರ ಗೈರು ಹಾಕ್ತೀಯೇನವ್ವಾ?" "ನೀ ಮೊದಲ ಆರಾಮಾಗು" ಅಂದೆ. ಹಾಕುವುದಿಲ್ಲ ಎನ್ನಬೇಕಿತ್ತು.

೩-೯, ಬುಧವಾರ

ಸುಚಿ ತೀರಿಕೊಂಡು ಹದಿನೆಂಟು ದಿನ. ಅವತ್ತೂ ಶನಿವಾರವೇ. ಎಮ್ಮೆ ಹಿಂಡುತ್ತೇನೆ, ಊಟ ಮಾಡುತ್ತೇನೆ. ಊಟ ಮಾಡಲು ನಾಚಿಕೆಯಾಗುತ್ತದೆ.

ಹೆಡ್‌ಮಾಸ್ತರು ಪ್ರಭುಲಿಂಗಪ್ಪ ಬಂದಿದ್ದರು. "ಅಕ್ಕಾರ, ಹೆಸರು ಈಗ ತೆಗಿಯೂದು ಬ್ಯಾಡ್ರಿ. ಮಕ್ಕಳ ಲೆಕ್ಕದಾಗ ಒಂದು ಕಮ್ಮಿ ಆದ್ರ ಶೀಲಾ ಟೀಚರ್‌ನ ಬ್ಯಾರೆ ಕಡೆ ಹಾಕ್ತಾರ. ಹೆಸರು ಇದ್ರ ನೀವೂ ಸಮಿತ್ಯಾಗ ಇರ್ತೀರಿ."

ಶೀಲಾ ಟೀಚರ್ ಎಂದರೆ ಸುಚಿಗೆ ಪ್ರಾಣ. ನಮ್ಮ ಮನೆಯವರು ಗೋಡೆಯ ಕಡೆ ತಿರುಗಿಯೇ ಹೇಳಿದರು, "ಇರ್ಲಿ ಬಿಡ ಶ್ರೀದೇವಿ. ಎಲ್ಲ್ಯರ ಒಂದ ಕಡೆ ಆಕಿ ಇರ್ಲಿ."

೬-೯, ಶನಿವಾರ, ಮಧ್ಯಾಹ್ನ ೨

ಹೋದೆ. ಕೂಗಿದೆ. ಹದಿಮೂರನೆಯ ಹೆಸರಾದ ಮೇಲೆ ಸುಚಿಯದು. ನಿಂತುಬಿಟ್ಟೆ. ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದವು. ಬಾಗಿಲಲ್ಲಿ ಹೊಳಿಯವ್ವ. ಚುಚ್ಚಲು ಬಂದಿದ್ದಾಳೆ ಅಂದುಕೊಂಡೆ. "ತೆಗೀಬ್ಯಾಡ ಮಗಳ. ನಾ ಏನೂ ಅನ್ನಂಗಿಲ್ಲ" ಅಂದಳು.

ಆ ಮಾತು ಕೇಳಿದ ಮೇಲೆ ನನ್ನ ಮಗಳ ಹೆಸರು ಮಾತ್ರ ಇಟ್ಟುಕೊಳ್ಳುವುದು ಹೇಗೆ? ಗೆರೆ ಎಳೆದೆ. ಶೀಲಾ ಟೀಚರ್ ಅಳುತ್ತ ಒಳಗೆ ಹೋದರು.

ಸೋಮವಾರ ಪುಸ್ತಕ ಉಪಾಧ್ಯಕ್ಷೆ ಹಾಜಿರಾಬಿಗೆ ಒಪ್ಪಿಸಬೇಕು. ಶಾಲೆಯಲ್ಲಿ ಮಗುವಿಲ್ಲದವರು ಸಮಿತಿಯಲ್ಲಿ ಇರುವ ಹಾಗಿಲ್ಲ. ಒಂದು ಕಾಲಮ್ಮು ಮಾತ್ರ ಖಾಲಿ ಉಳಿದಿದೆ. ಅಲ್ಲಿ ತುಂಬುವ ಮೊದಲು ಇಲ್ಲಿ ಒಮ್ಮೆ ಬರೆದು ನೋಡುತ್ತೇನೆ. ಸುಚಿ ಎಂದರೆ ಆಗುವುದಿಲ್ಲ, ಪೂರ್ತಿ ಹೆಸರೇ ಬೇಕು ಅವಳಿಗೆ.

ಸುಚಿತ್ರಾ ಶಂಭುಲಿಂಗ ಹಲಗೇರಿ. ಮೂರನೆಯ ತರಗತಿ. ಕಾರಣ —